ಹೌಸ್‌ಫುಲ್ ಆದ ಬ್ಲೂಗ್ರಾಸ್ ಉತ್ಸವಕ್ಕೆ ಜೂನ್‌ನಲ್ಲಿ ಟಿಕೆಟ್ ಎಲ್ಲಿಂದ ಬರುತ್ತದೆ?

ಮೇ ತಿಂಗಳು ಬಂತೆಂದರೆ ಡೆನ್ವರ್ ಕಡೆಯ ಕನ್ನಡಿಗರು ತಪ್ಪದೆ ಕೇಳುವ ಪ್ರಶ್ನೆ ಇದು: "ಟೆಲ್ಯುರೈಡ್ ಬ್ಲೂಗ್ರಾಸ್ ಟಿಕೆಟ್ ಚಳಿಗಾಲದಲ್ಲೇ ಖಾಲಿ ಆಯ್ತು ಅಂದ್ರಿ. ಈಗ ನೋಡಿದ್ರೆ ಯಾರನ್ನ ಕೇಳಿದ್ರೂ ಎರಡು ಎಕ್ಸ್‌ಟ್ರಾ ಇದೆ ಅಂತಾರೆ. ಅದೂ ಕೊಂಡ ಬೆಲೆಗೇ ಕೊಡ್ತಾರಂತೆ. ಇದ್ರಲ್ಲಿ ಏನೋ ಮೋಸ ಇರಬೇಕಲ್ವಾ?"

ಮೋಸಗಾರರು ಇದ್ದಾರೆ, ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಹೆಚ್ಚುವರಿ ಟಿಕೆಟ್‌ಗಳಲ್ಲಿ ಬಹುಪಾಲು ಅಪ್ಪಟ ಅಭಿಮಾನಿಗಳದ್ದೇ. ಉತ್ಸವದ ಮೇಲೆ ಮನಸ್ಸು ಕಡಿಮೆಯಾಗಿ ಅವು ಉಳಿಯುವುದಿಲ್ಲ. ಆರು ತಿಂಗಳು ಮೊದಲೇ, ಕಣ್ಣುಮುಚ್ಚಿ, ಗುಂಪಿನ ಲೆಕ್ಕದಲ್ಲಿ, ಹಣ ವಾಪಸ್ ಬರುವುದಿಲ್ಲ ಎಂಬ ಷರತ್ತಿಗೆ ಒಪ್ಪಿ ಕೊಳ್ಳಬೇಕಾದ ಟಿಕೆಟ್ ಅದು. ಹಾಗೆ ಕೊಂಡದ್ದರಲ್ಲಿ ಒಂದು ಪಾಲು ಉಳಿಯಲೇಬೇಕು. ಯಾವ ಟಿಕೆಟ್ ಯಾಕೆ ಉಳಿಯುತ್ತದೆ ಎಂದು ತಿಳಿದವರಿಗೆ ಅದು ಯಾವ ವಾರ ಹೊರಬರುತ್ತದೆ, ಎಷ್ಟಕ್ಕೆ ಸಿಗುತ್ತದೆ, ಯಾವುದನ್ನು ಮುಟ್ಟಬಾರದು ಎನ್ನುವುದೂ ಗೊತ್ತಾಗುತ್ತದೆ.

ಹೊಸಬರಿಗಾಗಿ ಒಂದೆರಡು ಮಾತು. ಬ್ಲೂಗ್ರಾಸ್ ಎಂದರೆ ಬ್ಯಾಂಜೊ, ಮ್ಯಾಂಡೊಲಿನ್, ಫಿಡಲ್, ಗಿಟಾರ್, ದೊಡ್ಡ ಬೇಸ್ ಇವುಗಳ ವೇಗದ ತಂತಿ ಸಂಗೀತ. ಕೆಂಟಕಿಯ ಬಿಲ್ ಮನ್ರೊ ಅದಕ್ಕೆ ರೂಪ ಕೊಟ್ಟವರು. 1945ರ ಕೊನೆಗೆ ಮೂರು ಬೆರಳಿನ ಬ್ಯಾಂಜೊ ಶೈಲಿಯ ಅರ್ಲ್ ಸ್ಕ್ರಗ್ಸ್ ಮನ್ರೊ ತಂಡಕ್ಕೆ ಸೇರಿದ ಮೇಲೆ ಆ ನಾದ ಗಟ್ಟಿಯಾಯಿತು. ಹಲವು ದಿನ ಒಂದೇ ಮೈದಾನದಲ್ಲಿ ಕೂತು ಈ ಸಂಗೀತ ಕೇಳುವ ಪದ್ಧತಿ ಶುರುವಾದದ್ದು 1965ರಲ್ಲಿ, ವರ್ಜೀನಿಯಾದ ಫಿನ್‌ಕಾಸಲ್‌ನ ಒಂದು ಕುದುರೆ ಫಾರಂನಲ್ಲಿ ಕಾರ್ಲ್ಟನ್ ಹೇನಿ ನಡೆಸಿದ ಉತ್ಸವದಿಂದ. ಟೆಲ್ಯುರೈಡ್ ಉತ್ಸವ ಕೊಲೊರಾಡೊದ ಸ್ಯಾನ್ ವಾನ್ ಪರ್ವತಗಳ ನಡುವೆ 1974ರಲ್ಲಿ ಆರಂಭವಾಯಿತು. ಜೂನ್ ಮೂರನೇ ವಾರದ ಆಸುಪಾಸಿನಲ್ಲಿ ನಾಲ್ಕು ದಿನ ನಡೆಯುತ್ತದೆ. ಮ್ಯಾಂಡೊಲಿನ್ ವಾದಕ ಸ್ಯಾಮ್ ಬುಷ್ 1975ರಿಂದಲೂ ಅಲ್ಲಿ ನುಡಿಸುತ್ತ ಬಂದಿದ್ದಾರೆ. ಬ್ಯಾಂಜೊದ ಬೇಲಾ ಫ್ಲೆಕ್, ಸ್ಲೈಡ್ ಗಿಟಾರ್‌ನ ಜೆರ್ರಿ ಡಗ್ಲಸ್, ಬೇಸ್‌ನ ಎಡ್ಗರ್ ಮೇಯರ್ ಅಲ್ಲಿಯ ಮನೆಮಂದಿ ಇದ್ದಂತೆ. ನಮ್ಮವರಲ್ಲಿ ಅನೇಕರು ಬ್ಲೂಗ್ರಾಸ್‌ಗೆ ಬಂದದ್ದೂ ಇವರ ಕೈಹಿಡಿದೇ: ಜಾಕಿರ್ ಹುಸೇನ್ ಮತ್ತು ರಾಕೇಶ್ ಚೌರಾಸಿಯಾ ಜತೆ ಫ್ಲೆಕ್, ಮೇಯರ್ ಮಾಡಿದ ಆಲ್ಬಂ 2024ರಲ್ಲಿ ಗ್ರ್ಯಾಮಿ ಪಡೆದ ಮೇಲೆ ಆ ಬ್ಯಾಂಜೊ ಎಲ್ಲಿ ನೇರವಾಗಿ ಕೇಳಲು ಸಿಗುತ್ತದೆ ಎಂದು ಹುಡುಕಿ ಹೊರಟವರು ಕಡಿಮೆಯಿಲ್ಲ.

ಟೆಲ್ಯುರೈಡ್ ಊರಿನ ಜನಸಂಖ್ಯೆ ಮೂರು ಸಾವಿರಕ್ಕಿಂತ ಕಡಿಮೆ. ಉತ್ಸವಕ್ಕೆ ದಿನಕ್ಕೆ ಸುಮಾರು 10,000 ಜನ ಸೇರುತ್ತಾರೆ. ಅದಕ್ಕಿಂತ ಹೆಚ್ಚು ಆ ಕಣಿವೆ ತಡೆಯುವುದಿಲ್ಲ, ಹಾಗಾಗಿ ಮಿತಿ ಇದೆ. ಬೇಡಿಕೆ ಇದ್ದಷ್ಟೂ ಟಿಕೆಟ್ ಹೆಚ್ಚಿಸುವಂತಿಲ್ಲ. ಇಲ್ಲಿಂದಲೇ ಕಥೆ ಶುರು.

ಮೊದಲು ಕಾಲದ ಅಂತರ. ನಾಲ್ಕು ದಿನದ ಪಾಸ್ ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಹಿಂದಿನ ವರ್ಷದ ಕೊನೆಯಲ್ಲಿ. ಡಿಸೆಂಬರ್‌ನಲ್ಲಿ ಕೊಂಡವರಿಗೆ ಜೂನ್‌ನಲ್ಲಿ ರಜೆ ಸಿಗುತ್ತದೋ ಇಲ್ಲವೋ ಗೊತ್ತಿರುವುದಿಲ್ಲ. ಕೆಲಸ ಬದಲಾಗುತ್ತದೆ, ಮಗು ಹುಟ್ಟುತ್ತದೆ, ಯಾರದೋ ಮದುವೆ ಅದೇ ಶನಿವಾರಕ್ಕೆ ಬೀಳುತ್ತದೆ, ಊರಿಂದ ಅಪ್ಪ-ಅಮ್ಮ ಬಂದಿರುತ್ತಾರೆ. ಟೆಲ್ಯುರೈಡ್ ಇರುವುದು 8,750 ಅಡಿ ಎತ್ತರದಲ್ಲಿ. ಬಿ.ಪಿ., ಉಸಿರಾಟದ ತೊಂದರೆ ಇರುವ ಹಿರಿಯರನ್ನು ಅಲ್ಲಿಗೆ ಕರೆದೊಯ್ದು ನಾಲ್ಕು ರಾತ್ರಿ ಡೇರೆಯಲ್ಲಿ ಮಲಗಿಸುವ ಯೋಚನೆಯನ್ನು ವೈದ್ಯರ ಒಂದು ಮಾತು ನಿಲ್ಲಿಸಿಬಿಡುತ್ತದೆ. ಹಳೆಯ ಬ್ಲೂಗ್ರಾಸ್ ಪ್ರೇಕ್ಷಕರಲ್ಲಿ ಅರವತ್ತು ದಾಟಿದವರು ಬಹಳ. ಮಂಡಿ ಶಸ್ತ್ರಚಿಕಿತ್ಸೆಯ ದಿನಾಂಕ ಜೂನ್‌ಗೆ ಬಂದು ಎರಡು ಪಾಸ್ ಹೊರಬೀಳುವುದು ಅಲ್ಲಿ ಮಾಮೂಲಿ.

ಇದು ಎಲ್ಲ ದೊಡ್ಡ ಕಾರ್ಯಕ್ರಮಕ್ಕೂ ಅನ್ವಯಿಸುವ ಮಾತು. ಇಂಥ ಬ್ಲೂಗ್ರಾಸ್ ಉತ್ಸವಗಳಲ್ಲಿ ಅದರ ಜತೆಗೆ ಸೇರುವುದು ಲಾಟರಿ ಮತ್ತು ಗುಂಪಿನ ಲೆಕ್ಕ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು.

ಟೆಲ್ಯುರೈಡ್‌ನಲ್ಲಿ ವೇದಿಕೆಯ ಪಕ್ಕದಲ್ಲೇ ಇರುವ ಟೌನ್ ಪಾರ್ಕ್ ಕ್ಯಾಂಪಿಂಗ್ ಜಾಗಕ್ಕೆ ಲಾಟರಿ ಎತ್ತುತ್ತಾರೆ. ಟೆಲ್ಯುರೈಡ್ ಉತ್ಸವ ನಡೆಸುವ ಪ್ಲಾನೆಟ್ ಬ್ಲೂಗ್ರಾಸ್ ಸಂಸ್ಥೆಯೇ ಕೊಲೊರಾಡೊದ ಲಯನ್ಸ್ ಊರಿನಲ್ಲಿ ಜುಲೈನಲ್ಲಿ ನಡೆಸುವ ರಾಕಿಗ್ರಾಸ್ ಉತ್ಸವಕ್ಕೂ ಲಾಟರಿ ಪದ್ಧತಿ ಇದೆ. ಜನ ಏನು ಮಾಡುತ್ತಾರೆ? ಎಂಟು ಜನರ ಒಂದು ಗುಂಪು ಇದೆ ಎಂದುಕೊಳ್ಳಿ, ಅವರಿಗೆ ಎಂಟು ಟಿಕೆಟ್ ಬೇಕು. ಒಬ್ಬೊಬ್ಬರೂ ನಾಲ್ಕು ನಾಲ್ಕು ಟಿಕೆಟ್‌ಗೆ ಬೇರೆ ಬೇರೆ ಅರ್ಜಿ ಹಾಕುತ್ತಾರೆ. ನಾಲ್ಕರಲ್ಲಿ ಒಂದು ಅರ್ಜಿ ಗೆಲ್ಲುತ್ತದೆ ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಎಂಟರಲ್ಲಿ ಸರಾಸರಿ ಎರಡು ಅರ್ಜಿ ಗೆಲ್ಲುತ್ತವೆ, ಸರಿಯಾಗಿ ಎಂಟು ಟಿಕೆಟ್ ಕೈಗೆ ಬರುತ್ತವೆ. ಕಾಗದದ ಮೇಲೆ ಎಲ್ಲವೂ ಚೊಕ್ಕ.

ಆದರೆ ಸರಾಸರಿ ಯಾರ ಮನೆಗೂ ಬರುವುದಿಲ್ಲ. ಈ ಲೆಕ್ಕದಲ್ಲಿ ಸರಿಯಾಗಿ ಎರಡೇ ಅರ್ಜಿ ಗೆಲ್ಲುವ ಸಾಧ್ಯತೆ ಶೇ. 31 ಮಾತ್ರ. ಒಂದೇ ಗೆಲ್ಲುವ ಅಥವಾ ಒಂದೂ ಗೆಲ್ಲದ ಸಾಧ್ಯತೆ ಶೇ. 37. ಮೂರು ಅಥವಾ ಅದಕ್ಕಿಂತ ಹೆಚ್ಚು ಗೆಲ್ಲುವುದು ಶೇ. 32. ಅಂದರೆ ಇಂಥ ನೂರು ಗುಂಪುಗಳಲ್ಲಿ ಸುಮಾರು 37 ಗುಂಪುಗಳಿಗೆ ಟಿಕೆಟ್ ಸಾಲದು, 32 ಗುಂಪುಗಳ ಹತ್ತಿರ ಕನಿಷ್ಠ ನಾಲ್ಕು ಹೆಚ್ಚಾಗಿ ಉಳಿದಿರುತ್ತವೆ. ಯಾರೂ ದುರಾಸೆ ಪಟ್ಟಿಲ್ಲ, ಎಲ್ಲರೂ ನಿಯಮದ ಪ್ರಕಾರವೇ ನಡೆದಿದ್ದಾರೆ. ಆದರೂ ಒಂದೇ ಲಾಟರಿ ಒಂದೇ ದಿನ ಕೊರತೆಯನ್ನೂ ಹುಟ್ಟಿಸಿತು, ಹೆಚ್ಚುವರಿಯನ್ನೂ ಹುಟ್ಟಿಸಿತು. ಟಿಕೆಟ್ ಸಿಗಲಿಲ್ಲ ಎಂದು ಕೊರಗುವವರೂ ಎಕ್ಸ್‌ಟ್ರಾ ಇದೆ ಯಾರಿಗಾದರೂ ಬೇಕಾ ಎಂದು ಕೇಳುವವರೂ ಒಟ್ಟೊಟ್ಟಿಗೆ ಕಾಣುವುದು ಇದರಿಂದಲೇ.

ಲಾಟರಿ ಇಲ್ಲದೆ ನೇರ ಮಾರಾಟ ಇದ್ದಾಗಲೂ ಫಲ ಸುಮಾರು ಇದೇ. ಮಾರಾಟ ತೆರೆದ ಹತ್ತು ನಿಮಿಷದಲ್ಲಿ ಯಾರಿಗೆ ಸಂಪರ್ಕ ಸಿಗುತ್ತದೆ ಎಂದು ಗೊತ್ತಿಲ್ಲದ ಕಾರಣ ಗುಂಪಿನ ಮೂವರು ಒಮ್ಮೆಗೇ ಪ್ರಯತ್ನಿಸುತ್ತಾರೆ. "ನಿನಗೆ ಸಿಕ್ಕರೆ ನನಗೂ ತಗೋ" ಎಂದು ಒಬ್ಬರಿಗೊಬ್ಬರು ಹೇಳಿರುತ್ತಾರೆ. ಮೂವರಿಗೂ ಸಿಗುತ್ತದೆ. ಒಬ್ಬರಿಗೆ ಎಷ್ಟು ಎಂಬ ಮಿತಿ ನಾಲ್ಕಿದ್ದರೆ ಯಾರೂ ಎರಡು ಕೊಳ್ಳುವುದಿಲ್ಲ, ನಾಲ್ಕೇ ಕೊಳ್ಳುತ್ತಾರೆ. ಆಮೇಲೆ ಬೇಕಾಗಬಹುದು, ಬೇಡವಾದರೆ ಕೊಂಡ ಬೆಲೆಗೆ ಯಾರಿಗಾದರೂ ಕೊಟ್ಟರಾಯಿತು ಎಂಬ ಧೈರ್ಯ. ಕೊಂಡ ಬೆಲೆಗೆ ಕೊಡುವ ಈ ಸಂಪ್ರದಾಯವೇ ಡಿಸೆಂಬರ್‌ನಲ್ಲಿ ಹೆಚ್ಚು ಕೊಳ್ಳಲು ಧೈರ್ಯ ಕೊಡುತ್ತದೆ.

ಇನ್ನೊಂದು ಮೂಲ ಜಾಗದ ಸಮಸ್ಯೆ. ಟಿಕೆಟ್ ಇದ್ದೂ ಮಲಗಲು ಜಾಗ ಇಲ್ಲದಿದ್ದರೆ ಟೆಲ್ಯುರೈಡ್‌ನಲ್ಲಿ ಆ ಟಿಕೆಟ್‌ಗೆ ಅರ್ಧ ಬೆಲೆಯೂ ಇಲ್ಲ. ಊರು ಮೂರು ಕಡೆ ಬೆಟ್ಟ ಮುಚ್ಚಿದ ಕಣಿವೆಯ ಕೊನೆಯಲ್ಲಿದೆ. ಡೆನ್ವರ್‌ನಿಂದ ಸುಮಾರು 330 ಮೈಲಿ, ಆರರಿಂದ ಏಳು ಗಂಟೆ ಡ್ರೈವ್. ಹತ್ತಿರದ ರಿಜ್‌ವೇ ಊರು ಸುಮಾರು 40 ಮೈಲಿ, ಮಾಂಟ್ರೋಸ್ ಸುಮಾರು 65 ಮೈಲಿ. ಮಧ್ಯರಾತ್ರಿ ಸಂಗೀತ ಮುಗಿಸಿ ಬೆಟ್ಟದ ರಸ್ತೆಯಲ್ಲಿ ಜಿಂಕೆ, ಎಲ್ಕ್ ಅಡ್ಡ ಬರುವುದನ್ನು ನೋಡಿಕೊಂಡು ಅಷ್ಟು ದೂರ ಹೋಗಿ ಬರುವುದನ್ನು ಒಂದು ದಿನ ಮಾಡಬಹುದು, ನಾಲ್ಕು ದಿನ ಆಗದ ಮಾತು. ಊರೊಳಗಿನ ಕೋಣೆಗಳಿಗೆ ಆ ವಾರ ಬಾಡಿಗೆ ಹಲವು ಪಟ್ಟು ಏರುತ್ತದೆ. ಆದ್ದರಿಂದ ಪಾಸ್ ಮೊದಲು ಕೊಂಡು, ಕ್ಯಾಂಪಿಂಗ್ ಪಾಸ್‌ಗೆ ಆಮೇಲೆ ಪ್ರಯತ್ನಿಸಿ, ಎಲ್ಲೂ ಸಿಗದೆ, ಏಪ್ರಿಲ್ ಹೊತ್ತಿಗೆ ಕೈಚೆಲ್ಲುವವರು ಪ್ರತಿ ವರ್ಷ ಇರುತ್ತಾರೆ. ಇದಕ್ಕೆ ತದ್ವಿರುದ್ಧವೂ ನಡೆಯುತ್ತದೆ: ಸಾದಾ ಪಾಸ್ ಕೊಂಡಿದ್ದವರಿಗೆ ಗೆಳೆಯರಿಂದ ಕ್ಯಾಂಪಿಂಗ್ ಮತ್ತು ಪಾಸ್ ಎರಡೂ ಸೇರಿದ ಜೋಡಿ ಸಿಕ್ಕರೆ ಮೊದಲಿನ ಪಾಸ್ ಅನಾಥವಾಗುತ್ತದೆ.

ಕೆಲವರು ಪಾಸ್ ಮಾತ್ರ ಕೊಂಡು ಸುತ್ತಲಿನ ಅರಣ್ಯದಲ್ಲಿ ಪುಕ್ಕಟೆ ಡೇರೆ ಹಾಕುವ ಲೆಕ್ಕದಲ್ಲಿರುತ್ತಾರೆ. ಒಣ ವರ್ಷಗಳಲ್ಲಿ ಈ ಲೆಕ್ಕ ಕೊನೇ ಗಳಿಗೆಯಲ್ಲಿ ಕೈಕೊಡುತ್ತದೆ. 2018ರ ಜೂನ್‌ನಲ್ಲಿ ದಕ್ಷಿಣಕ್ಕಿರುವ ಡುರಾಂಗೊ ಊರಿನ ಬಳಿ '416 ಫೈರ್' ಎಂಬ ಕಾಳ್ಗಿಚ್ಚು ಹತ್ತಿ ಸ್ಯಾನ್ ವಾನ್ ರಾಷ್ಟ್ರೀಯ ಅರಣ್ಯವನ್ನೇ ಕೆಲವು ದಿನ ಸಾರ್ವಜನಿಕರಿಗೆ ಮುಚ್ಚಿದ್ದರು. ಅಂಥ ವರ್ಷ ದಕ್ಷಿಣದ ಕಡೆಯಿಂದ ಬರುವವರ ರಸ್ತೆ, ಡೇರೆಯ ಜಾಗ, ಗಾಳಿ ಎಲ್ಲವೂ ಅನುಮಾನ. ಉಸಿರಾಟದ ತೊಂದರೆ ಇರುವವರು ಹೊಗೆಯ ಸುದ್ದಿ ಕೇಳಿದ ದಿನವೇ ಟಿಕೆಟ್ ಬಿಟ್ಟುಕೊಡುತ್ತಾರೆ.

ಹೆಚ್ಚುವರಿ ಟಿಕೆಟ್ ಒಂಟಿಯಾಗಿ ಬರುವುದು ಅಪರೂಪ ಎಂಬುದನ್ನು ಗಮನಿಸಿ. ಬಂದರೆ ಎರಡು, ಇಲ್ಲವೇ ನಾಲ್ಕು. ಯಾಕೆಂದರೆ ಒಂದು ಕ್ಯಾಂಪ್ ಎಂದರೆ ಒಂದು ವ್ಯಾನು, ಒಂದು ದೊಡ್ಡ ನೆರಳಿನ ಚಪ್ಪರ, ಎರಡು ಒಲೆಯ ಗ್ಯಾಸ್ ಸ್ಟೋವ್, ಐಸ್ ಪೆಟ್ಟಿಗೆ, ವೇದಿಕೆ ಮುಂದೆ ಹಾಸಿ ಜಾಗ ಹಿಡಿಯಲು ಬೆಳಗಿನ ಜಾವ ಟಾರ್ಪಾಲ್ ಹಿಡಿದು ಸರದಿಯಲ್ಲಿ ನಿಲ್ಲುವ ಒಬ್ಬ ಪುಣ್ಯಾತ್ಮ. ವ್ಯಾನು ಓಡಿಸಬೇಕಾದವರು ಬರುವುದಿಲ್ಲ ಎಂದರೆ ಒಬ್ಬರ ಟಿಕೆಟ್ ಮಾತ್ರ ಹೋಗುವುದಿಲ್ಲ, ಅವರನ್ನು ನಂಬಿದ್ದ ಮೂವರದ್ದೂ ಹೋಗುತ್ತದೆ. ಹಾಗಾಗಿ ಒಂಟಿ ಟಿಕೆಟ್ ಹುಡುಕುವವರಿಗೆ ಇದು ಸ್ವಲ್ಪ ಕಷ್ಟದ ಮಾರುಕಟ್ಟೆ. ನನ್ನ ಸಲಹೆ: ನಿಮ್ಮಂಥ ಇನ್ನೊಬ್ಬರನ್ನು ಮೊದಲೇ ಹುಡುಕಿಕೊಂಡು ಜೋಡಿಯಾಗಿ ಕೇಳಿ. ಮಾರುವವರು ಜೋಡಿ ಒಡೆಯಲು ಹಿಂಜರಿಯುತ್ತಾರೆ, ಉಳಿದ ಒಂದನ್ನು ಕೊನೆಗೆ ಯಾರೂ ಕೇಳುವುದಿಲ್ಲ ಎಂಬ ಭಯ ಅವರಿಗೆ.

ಸಣ್ಣ ಕಾರಣಗಳನ್ನು ಬೇಗ ಹೇಳಿಬಿಡುತ್ತೇನೆ. ಸ್ವಯಂಸೇವಕರಾಗಿ ಆಯ್ಕೆಯಾದವರಿಗೆ ಕೆಲಸಕ್ಕೆ ಬದಲಾಗಿ ಪ್ರವೇಶ ಸಿಗುತ್ತದೆ, ಮೊದಲೇ ಕೊಂಡ ಪಾಸ್ ಉಳಿಯುತ್ತದೆ. ಹಲವು ಉತ್ಸವಗಳಲ್ಲಿ ಒಂದು ವಯಸ್ಸಿನೊಳಗಿನ ಮಕ್ಕಳಿಗೆ ಟಿಕೆಟ್ ಬೇಕಿಲ್ಲ. ಅದನ್ನು ಓದದೆ ಕೊಂಡವರ ಹತ್ತಿರ ಒಂದು ಉಳಿಯುತ್ತದೆ. ಒಂದು ದಿನದ ಟಿಕೆಟ್ ಕೊಂಡವರು ಯಾವ ದಿನ ಯಾರು ನುಡಿಸುತ್ತಾರೆ ಎಂಬ ಪಟ್ಟಿ ಬಂದಾಗ ತಾವು ಬಯಸಿದ ತಂಡ ಬೇರೆ ದಿನ ಇರುವುದನ್ನು ಕಂಡು ಶುಕ್ರವಾರದ್ದು ಕೊಟ್ಟು ಶನಿವಾರದ್ದು ಕೇಳುತ್ತಾರೆ. ರಾತ್ರಿ ಊರೊಳಗೆ ನಡೆಯುವ ನೈಟ್‌ಗ್ರಾಸ್ ಕಛೇರಿಗಳಿಗೆ ಬೇರೆಯೇ ಟಿಕೆಟ್. 1913ರಲ್ಲಿ ಕಟ್ಟಿದ ಶೆರಿಡನ್ ಆಪೆರಾ ಹೌಸ್‌ನಲ್ಲಿ ಹಿಡಿಸುವುದು ಸುಮಾರು 240 ಜನ, ಹಾಗಾಗಿ ಅದಕ್ಕೆ ಭಾರಿ ಪೈಪೋಟಿ. ಆದರೆ ಹಗಲಿಡೀ ಬಿಸಿಲಲ್ಲಿ, ಆ ಎತ್ತರದಲ್ಲಿ, ಹನ್ನೆರಡು ಗಂಟೆ ಕೂತವರಿಗೆ ರಾತ್ರಿ ಹನ್ನೊಂದರ ನಂತರ ಮತ್ತೊಂದು ಕಛೇರಿಗೆ ನಡೆಯುವ ಶಕ್ತಿ ಇರುವುದಿಲ್ಲ. ನೈಟ್‌ಗ್ರಾಸ್ ಟಿಕೆಟ್ ಬೇಕಾದವರು ಅದೇ ಸಂಜೆ ಮೈದಾನದಲ್ಲಿ ಅಕ್ಕಪಕ್ಕದವರನ್ನು ಕೇಳಿ ನೋಡುವುದು ಅತ್ಯುತ್ತಮ.

ಇಷ್ಟಕ್ಕೂ ಬೇಡದ ಟಿಕೆಟ್ ಉತ್ಸವದವರಿಗೇ ಯಾಕೆ ಹಿಂತಿರುಗಿಸುವುದಿಲ್ಲ? ತೆಗೆದುಕೊಳ್ಳುವುದಿಲ್ಲ, ಅಷ್ಟೇ. ಹೊರಾಂಗಣ ಉತ್ಸವಗಳಲ್ಲಿ ಹೆಚ್ಚಿನವು ಮಳೆ ಬಂದರೂ ನಡೆಯುತ್ತವೆ, ಕಲಾವಿದರು ಬದಲಾದರೂ ನಡೆಯುತ್ತವೆ, ಹಣ ವಾಪಸ್ ಇಲ್ಲ. ತಂಡಗಳಿಗೆ ಮುಂಗಡ, ವೇದಿಕೆ, ಶೌಚಾಲಯ, ಪೊಲೀಸ್, ಊರಿಗೆ ಕೊಡಬೇಕಾದ ಶುಲ್ಕ ಎಲ್ಲವೂ ಈ ಮುಂಗಡ ಹಣದಿಂದಲೇ ಹೊರಡಬೇಕು. 2020ರಲ್ಲಿ ಕೋವಿಡ್‌ನಿಂದ ಉತ್ಸವವೇ ರದ್ದಾದಂಥ ಸಂದರ್ಭ ಬೇರೆ. ಮಾಮೂಲಿ ವರ್ಷದಲ್ಲಿ ಟಿಕೆಟ್ ಕೈ ಬದಲಾಯಿಸುವುದೊಂದೇ ದಾರಿ.

ಟಿಕೆಟ್ ಉಳಿಯುವುದು ಸಂಗೀತದ ಗುಣದಿಂದಲ್ಲ, ಮಾರುವ ವಿಧಾನದಿಂದ ಎನ್ನುವುದಕ್ಕೆ ಬೇರೆ ಉತ್ಸವಗಳನ್ನು ನೋಡಿ. ಸ್ಯಾನ್ ಫ್ರಾನ್ಸಿಸ್ಕೊದ ಗೋಲ್ಡನ್ ಗೇಟ್ ಪಾರ್ಕಿನಲ್ಲಿ ವಾರೆನ್ ಹೆಲ್ಮನ್ 2001ರಲ್ಲಿ ಆರಂಭಿಸಿದ ಹಾರ್ಡ್ಲಿ ಸ್ಟ್ರಿಕ್ಟ್ಲಿ ಬ್ಲೂಗ್ರಾಸ್ ಪೂರ್ತಿ ಉಚಿತ. ಅಲ್ಲಿ ಉಳಿಯಲು ಟಿಕೆಟ್ಟೇ ಇಲ್ಲ. ಬೇ ಏರಿಯಾ ಕನ್ನಡಿಗರಿಗೆ ಮೊದಲ ಬ್ಲೂಗ್ರಾಸ್ ಅನುಭವಕ್ಕೆ ನಾನು ಅದನ್ನೇ ಹೇಳುತ್ತೇನೆ. ಕ್ಯಾನ್ಸಸ್‌ನ ವಿನ್‌ಫೀಲ್ಡ್‌ನಲ್ಲಿ 1972ರಿಂದ ನಡೆಯುವ ವಾಲ್ನಟ್ ವ್ಯಾಲಿ ಉತ್ಸವದಲ್ಲಿ ಪೈಪೋಟಿ ಇರುವುದು ಡೇರೆ ಹಾಕುವ ಒಳ್ಳೆಯ ಜಾಗಕ್ಕೆ. ಅನೇಕರು ವೇದಿಕೆಯ ಕಡೆ ತಲೆಹಾಕದೆ ಡೇರೆಗಳ ನಡುವೆಯೇ ರಾತ್ರಿಯಿಡೀ ನುಡಿಸುತ್ತಾರೆ. ಬಿಗಿ ಮಿತಿ, ಆರು ತಿಂಗಳ ಮುಂಗಡ, ಲಾಟರಿ ಅಥವಾ ನೂಕುನುಗ್ಗಲಿನ ಮಾರಾಟ ಇವೆಲ್ಲ ಸೇರಿದ ಕಡೆ ಮಾತ್ರ ಉಳಿಕೆ ಟಿಕೆಟ್‌ಗಳ ಇಷ್ಟು ದೊಡ್ಡ ಓಡಾಟ.

ಈಗ ಕೊಳ್ಳುವ ವಿಷಯ. ಮಾರಾಟ ಮುಗಿದ ಮೊದಲ ವಾರಗಳಲ್ಲಿ ಬೆಲೆ ಅತಿ ಹೆಚ್ಚು. ಆಗ ಮಾರುವವರು ಲಾಭಕ್ಕೆ ಕೊಂಡ ದಲ್ಲಾಳಿಗಳು, ಅಭಿಮಾನಿಗಳಿಗೆ ತಮ್ಮ ಟಿಕೆಟ್ ಉಳಿಯುತ್ತದೆ ಎಂದು ಇನ್ನೂ ಗೊತ್ತೇ ಆಗಿಲ್ಲ. ಆ ಹೊತ್ತಿನಲ್ಲಿ ಕೊಳ್ಳಬೇಡಿ. ದಿನವಾರು ಕಾರ್ಯಕ್ರಮ ಪಟ್ಟಿ ಬಂದ ಮೇಲೆ ಮೊದಲ ಅಲೆ, ಕೊನೆಯ ಎರಡು ವಾರದಲ್ಲಿ ದೊಡ್ಡ ಅಲೆ. ಉತ್ಸವ ಶುರುವಾಗುವ ಗುರುವಾರ ಬೆಳಿಗ್ಗೆ ನಾಲ್ಕು ದಿನದ ಪಾಸ್ ಮಾರದೆ ಉಳಿದವರಿಗೆ ಗಂಟೆಗಂಟೆಗೂ ನಷ್ಟ, ಆಗ ಕೊಂಡ ಬೆಲೆಗಿಂತ ಕಡಿಮೆಗೂ ಕೊಡುತ್ತಾರೆ. ಆದರೆ ಕ್ಯಾಂಪಿಂಗ್ ಪಾಸ್‌ಗೆ ಈ ಲೆಕ್ಕ ನಡೆಯುವುದಿಲ್ಲ. ಟೌನ್ ಪಾರ್ಕ್ ಜಾಗ ಕೊನೆಯವರೆಗೂ ದುರ್ಲಭ. ಹಾಗಾಗಿ ಮೊದಲು ಮಲಗುವ ಜಾಗ ಗಟ್ಟಿ ಮಾಡಿ, ಪಾಸ್‌ಗೆ ಕಾಯಿರಿ. ಬಹಳ ಜನ ಇದನ್ನು ತಿರುವುಮುರುವಾಗಿ ಮಾಡುತ್ತಾರೆ, ಅವರ ಪಾಸ್‌ಗಳೇ ಆಮೇಲೆ ನಿಮ್ಮ ಕೈಗೆ ಬರುವುದು.

ಗೇಟಿನ ಬಳಿ ಒಂದು ಬೆರಳು ಮೇಲೆತ್ತಿ ಸುಮ್ಮನೆ ನಿಂತವರನ್ನು ಕಾಣುತ್ತೀರಿ. ಟಿಕೆಟ್ ಬೇಕು ಎಂಬ ಸನ್ನೆ ಅದು, ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡದ ಅಭಿಮಾನಿಗಳಿಂದ ಬಂದದ್ದು. ಆ ತಂಡದ ಜೆರ್ರಿ ಗಾರ್ಸಿಯಾ ಬ್ಯಾಂಜೊ ನುಡಿಸುತ್ತಿದ್ದವರು, 1973ರಲ್ಲಿ ಒಂದು ಬ್ಲೂಗ್ರಾಸ್ ತಂಡದಲ್ಲೂ ಇದ್ದವರು. ಅವರ ಹಿಂದೆಯೇ ಆ ಜನ, ಆ ಪದ್ಧತಿ ಎರಡೂ ಬ್ಲೂಗ್ರಾಸ್ ಕಡೆಗೆ ಹರಿದುಬಂದವು. ಉಳಿದ ಟಿಕೆಟ್ ಮೇಲೆ ಲಾಭ ಮಾಡುವವರನ್ನು ಈ ಜನ ಕೀಳಾಗಿ ಕಾಣುತ್ತಾರೆ. ಅದು ಈ ಲೋಕದ ತುಂಬ ಒಳ್ಳೆಯ ಗುಣ, ಹೊಸದಾಗಿ ಹೋಗುವ ನಾವೂ ಅದನ್ನು ಉಳಿಸಿಕೊಳ್ಳಬೇಕು.

ಮೋಸ ಆಗುವುದು ಎಲ್ಲಿ? ಬಾರ್‌ಕೋಡ್ ಇರುವ ಪಿಡಿಎಫ್ ಕಳಿಸಿ ಹಣ ಕೇಳುವಲ್ಲಿ. ಒಂದೇ ಪಿಡಿಎಫ್ ಅನ್ನು ಐದು ಜನರಿಗೆ ಮಾರಬಹುದು; ಗೇಟಿನಲ್ಲಿ ಮೊದಲು ಸ್ಕ್ಯಾನ್ ಆದವರು ಒಳಗೆ, ಉಳಿದ ನಾಲ್ವರು ಹೊರಗೆ. ಆದ್ದರಿಂದ ಡಿಜಿಟಲ್ ಟಿಕೆಟ್ ಆದರೆ ಮಾರಿದ ಕಂಪನಿಯ ವ್ಯವಸ್ಥೆಯಲ್ಲೇ ನಿಮ್ಮ ಖಾತೆಗೆ ವರ್ಗಾಯಿಸಲು ಹೇಳಿ. ವರ್ಗಾವಣೆಯಾದಾಗ ಹಳೆಯ ಬಾರ್‌ಕೋಡ್ ಸತ್ತು ಹೊಸದು ನಿಮ್ಮ ಹೆಸರಿಗೆ ಬರುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ಪೇಪಾಲ್‌ನಲ್ಲಿ ಕೊಡುವುದಾದರೆ ಸರಕು-ಸೇವೆಗೆಂದು ಇರುವ ವಿಧಾನವನ್ನೇ ಬಳಸಿ. ಅದರ ಶುಲ್ಕ ಸುಮಾರು ಶೇ. 3, ಅದನ್ನು ಕೊಳ್ಳುವ ನೀವೇ ಭರಿಸುವುದು ಮರ್ಯಾದೆ. ಗೆಳೆಯರಿಗೆ-ಮನೆಯವರಿಗೆ ಎಂಬ ವಿಧಾನದಲ್ಲೋ, ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಹಣ ಕಳಿಸುವ ಜೆಲ್ (Zelle) ಸೇವೆಯಲ್ಲೋ ಕಳಿಸಿದ ಹಣಕ್ಕೆ ಅಂಥ ರಕ್ಷಣೆ ಇಲ್ಲ. ಅಪರಿಚಿತರು ಅದನ್ನೇ ಒತ್ತಾಯಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಅಂಚೆಯಲ್ಲಿ ಬಂದ ಟಿಕೆಟ್ ಅಥವಾ ಟಿಕೆಟ್ ಬದಲು ಮಣಿಕಟ್ಟಿಗೆ ಕಟ್ಟುವ ರಿಸ್ಟ್‌ಬ್ಯಾಂಡ್ ಆದರೆ ಮುಖತಃ ಭೇಟಿಯಾಗಿ, ಸಾಧ್ಯವಾದರೆ ಬಾಕ್ಸ್ ಆಫೀಸ್ ಹತ್ತಿರವೇ ತೆಗೆದುಕೊಳ್ಳಿ. ಬಟ್ಟೆಯ ರಿಸ್ಟ್‌ಬ್ಯಾಂಡ್‌ಗೆ ಒಂದು ಸಣ್ಣ ಕ್ಲಿಪ್ ಇರುತ್ತದೆ, ಅದು ಒಂದು ದಿಕ್ಕಿಗೆ ಮಾತ್ರ ಜಾರುತ್ತದೆ. ಒಮ್ಮೆ ಬಿಗಿದರೆ ಕತ್ತರಿಸದೆ ತೆಗೆಯಲಾಗದು, ಕತ್ತರಿಸಿದ್ದು ಅಥವಾ ಅಂಟಿಸಿದ್ದು ಗೇಟಿನಲ್ಲಿ ನಡೆಯದು. ಮೂರು ದಿನ ನೋಡಿ ಮುಗಿಸಿದವರು ಭಾನುವಾರಕ್ಕೆಂದು ಅರ್ಧ ಬೆಲೆಗೆ ಕೊಡುವ ಸಡಿಲ ಬ್ಯಾಂಡ್ ಅನ್ನು ಎಷ್ಟು ಅಗ್ಗವಾದರೂ ಮುಟ್ಟಬೇಡಿ. ಕೊಳ್ಳುವಾಗ ಕ್ಲಿಪ್ ಬಿಗಿಯದ ಬ್ಯಾಂಡ್‌ನ ಎರಡೂ ತುದಿ ನೋಡಿ. ಎಳೆ ಬಿಚ್ಚಿದ್ದರೆ, ಕ್ಲಿಪ್‌ನ ಮೇಲೆ ಇಕ್ಕಳದ ಗುರುತಿದ್ದರೆ ವಾಪಸ್ ಕೊಟ್ಟುಬಿಡಿ.

ಕ್ಯಾಂಪಿಂಗ್ ಪಾಸ್ ಆದರೆ ಮೂರು ಪ್ರಶ್ನೆ ಕೇಳಲೇಬೇಕು: ಯಾವ ಮೈದಾನದ್ದು, ತಲೆಗೆ ಒಂದೋ ವಾಹನಕ್ಕೆ ಒಂದೋ, ವಾಹನದ ಪರವಾನಗಿ ಇದರಲ್ಲೇ ಸೇರಿದೆಯೋ ಬೇರೆಯೋ. ಇದು ತಿಳಿಯದೆ ಕೊಂಡವರು ನಾಲ್ಕು ಜನಕ್ಕೆ ಒಂದೇ ಪಾಸ್ ಹಿಡಿದು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ.

ನೀವೇ ಮಾರುವವರಾದರೆ, ಬರಲಾಗುವುದಿಲ್ಲ ಎಂದು ಗೊತ್ತಾದ ದಿನವೇ ಬಿಟ್ಟುಕೊಡಿ. ಉತ್ಸವದವರೇ ನಡೆಸುವ ಮರುಮಾರಾಟ ಇದ್ದರೆ ಅದರಲ್ಲಿಯೇ. ಕ್ಯಾಂಪಿಂಗ್ ಮತ್ತು ಪಾಸ್ ಎರಡೂ ಇದ್ದರೆ ಬೇರೆ ಮಾಡಬೇಡಿ, ಜೋಡಿ ಒಂದೇ ಸಂಜೆಗೆ ಹೋಗುತ್ತದೆ. ಬಾರ್‌ಕೋಡ್ ಕಾಣುವ ಫೋಟೊ ಯಾರಿಗೂ ತೋರಿಸಬೇಡಿ. ಅಸಲಿ ಎಂದು ನಂಬಿಸಲು ಆರ್ಡರ್ ದಿನಾಂಕ ಮತ್ತು ಟಿಕೆಟ್ ಬಗೆ ಕಾಣುವಷ್ಟು ಭಾಗ ಸಾಕು. ಹಣ ಬಂದ ಮೇಲೆ ವರ್ಗಾಯಿಸಿ, ವರ್ಗಾವಣೆ ಆಗಿದೆ ಎಂಬ ಇಮೇಲ್ ಎರಡೂ ಕಡೆ ಬರುವವರೆಗೆ ಫೋನ್ ಇಡಬೇಡಿ. ಕಣಿವೆಯೊಳಗೆ ಉತ್ಸವದ ದಿನ ಸಾವಿರಾರು ಫೋನ್‌ಗಳ ಭಾರಕ್ಕೆ ನೆಟ್‌ವರ್ಕ್ ಕುಸಿಯುತ್ತದೆ. ಗೇಟಿನಲ್ಲಿ ನಿಂತು ವರ್ಗಾಯಿಸುತ್ತೇನೆ ಎಂದು ಅಲ್ಲಿಯವರೆಗೆ ಬಿಟ್ಟರೆ ಇಬ್ಬರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಮನೆ ಬಿಡುವ ಮೊದಲೇ ವರ್ಗಾಯಿಸಿ, ಕೊಂಡವರು ಅದನ್ನು ಫೋನಿನಲ್ಲಿ ಉಳಿಸಿಕೊಂಡು, ಒಂದು ಪ್ರಿಂಟ್ ಕೂಡ ಜೇಬಿನಲ್ಲಿ ಇಟ್ಟುಕೊಂಡು ಹೊರಡಲಿ.